ಫೈಲ್‌ಗಳನ್ನೆಲ್ಲ ಕಾಪಿ ಮಾಡಿದರೂ ಹೊಸ ಎಸ್‌ಎಸ್‌ಡಿಯಿಂದ ವಿಂಡೋಸ್ ಏಕೆ ಶುರುವಾಗಲ್ಲ?

ವಿಂಡೋಸ್ ಶುರುವಾಗಲು ಬೇಕಾದ ಒಂದು ಮುಖ್ಯ ಭಾಗ ನಮಗೆ ಕಾಣುವ ಫೈಲ್‌ಗಳಲ್ಲಿ ಇರುವುದೇ ಇಲ್ಲ. ಸಿ ಡ್ರೈವ್ ಪೂರ್ತಿ ಕಾಪಿ ಮಾಡಿದರೂ ಅದು ಹಳೆ ಹಾರ್ಡ್ ಡಿಸ್ಕಿನಲ್ಲೇ ಉಳಿಯುತ್ತದೆ, ಅದರ ಬದಲು ಹಾಕುವ ಎಸ್‌ಎಸ್‌ಡಿಗೆ ಬರಲ್ಲ. ಅದಕ್ಕೇ ಕ್ಲೋನ್ ಮಾಡಬೇಕು, ಅಂದರೆ ಇಡೀ ಡಿಸ್ಕನ್ನು ಇದ್ದದ್ದು ಇದ್ದಂತೆ ನಕಲು ಮಾಡಬೇಕು.

ಹಳೆ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ ಪುಟ್ಟ ಪ್ರೋಗ್ರಾಂ) ಇರುವ ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು ಓದುತ್ತದೆ. ಈ ಒಂದು ಪ್ಯಾರಾ ಕೂಡ ಹಿಡಿಯದಷ್ಟು ಚಿಕ್ಕ ಜಾಗ ಅದು! ಆದರೆ ವಿಂಡೋಸನ್ನು ಎಲ್ಲಿಂದ ಎಬ್ಬಿಸಬೇಕು ಎಂಬ ಸುಳಿವು ಇರುವುದು ಅಲ್ಲೇ. ಸ್ವಲ್ಪ ಈಚಿನ, ಬಯೋಸ್ ಬದಲಿಗೆ ಬಂದ ಯುಇಎಫ್‌ಐ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆಂದೇ ಸಾಮಾನ್ಯವಾಗಿ 100 ಎಂಬಿಯಷ್ಟರ ಬೇರೆ ಪಾರ್ಟಿಶನ್ (ಡಿಸ್ಕಿನಲ್ಲಿ ಬೇರ್ಪಡಿಸಿದ ಭಾಗ) ಇರುತ್ತದೆ. ಅದಕ್ಕೆ ಸಿ, ಡಿ ಅಂತ ಅಕ್ಷರ ಕೊಟ್ಟಿರುವುದಿಲ್ಲ, ಹಾಗಾಗಿ ಕಣ್ಣಿಗೂ ಬೀಳಲ್ಲ. ಇಡೀ ಡಿಸ್ಕನ್ನು ಕ್ಲೋನ್ ಮಾಡಿದರೆ ಇವೆಲ್ಲ ಸೇರಿಯೇ ಬರುತ್ತವೆ.

ಯುಎಸ್‌ಬಿ-ಸಾಟಾ ಕೇಬಲ್‌ನಲ್ಲಿ (ಡಿಸ್ಕನ್ನು ಯುಎಸ್‌ಬಿ ಪೋರ್ಟಿಗೆ ಸೇರಿಸುವ ಕೇಬಲ್) ಎಸ್‌ಎಸ್‌ಡಿ ಜೋಡಿಸಿ, ಕ್ಲೋನ್‌ಜಿಲ್ಲಾದಂಥ ಉಚಿತ ಸಾಫ್ಟ್‌ವೇರ್ ಬಳಸಬಹುದು. ಅದಕ್ಕೆ ಹೊಸ ಡಿಸ್ಕ್ ಹಳೆಯದರಷ್ಟಾದರೂ ದೊಡ್ಡದಿರಬೇಕು. ಯಾವುದರಿಂದ ಯಾವುದಕ್ಕೆ ಅನ್ನುವುದನ್ನು ದಯವಿಟ್ಟು ಎರಡು ಸಲ ನೋಡಿ. ಅದು ತಿರುವುಮುರುವಾದರೆ ಖಾಲಿ ಡಿಸ್ಕ್ ನಿಮ್ಮ ಫೋಟೊಗಳ ಮೇಲೆ ಬಂದು ಕೂರುತ್ತದೆ. ಹಳೆ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡುತ್ತಿದ್ದರೆ ಕ್ಲೋನ್ ಆಮೇಲೆ, ಮೊದಲು ಮುಖ್ಯ ಫೈಲ್‌ಗಳನ್ನು ತೆಗೆದಿಡಿ.

ಕ್ಲೋನ್ ಮುಗಿದ ಮೇಲೆ ಲ್ಯಾಪ್‌ಟಾಪ್ ಆಫ್ ಮಾಡಿ, ಹಳೆಯದನ್ನು ತೆಗೆದು ಹೊಸದನ್ನು ಹಾಕಿ. ಮೊದಲ ಸಲ ಆನ್ ಮಾಡುವಾಗ ಎರಡನ್ನೂ ಒಟ್ಟಿಗೆ ಜೋಡಿಸಬೇಡಿ. ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ವಿಂಡೋಸಿಗೆ ಗೊಂದಲವಾಗುತ್ತದೆ.