ತಾಮ್ರದ ಹರಳು ನೆಲದಲ್ಲೇ ಬೆಳೆಯುತ್ತಾ? ಕೊಳ್ಳುವ ಮುಂಚೆ ಏನು ನೋಡಬೇಕು?

ಆನ್‌ಲೈನ್‌ನಲ್ಲಿ ಫಳಫಳ ಹೊಳೆಯುವ ತಾಮ್ರದ ಹರಳೊಂದನ್ನು ನೋಡಿದ್ದೀರಿ, ಅದು ನಿಜವಾಗಿ ನೆಲದಲ್ಲಿ ಹಾಗೆ ಬೆಳೆದದ್ದಾ, ಕೊಳ್ಳಬಹುದಾ ಅಂತ ಕೇಳಿದ್ದೀರಿ. ತಾಮ್ರ ನೆಲದೊಳಗೆ ಹರಳಾಗಿ ಬೆಳೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನೀವು ನೋಡಿದ್ದು ಅಷ್ಟೊಂದು ಹೊಳೆಯುತ್ತಿದೆ ಅಂದರೆ ದುಡ್ಡು ಕಳಿಸುವ ಮುಂಚೆ ಸ್ವಲ್ಪ ತಡೆಯಿರಿ.

ನಾನು ಇರುವುದು ಅಮೆರಿಕದ ಮಿಷಿಗನ್‌ನಲ್ಲಿ. ಈ ರಾಜ್ಯದ ಉತ್ತರಕ್ಕೆ, ಸುಪೀರಿಯರ್ ಸರೋವರದೊಳಗೆ ಚಾಚಿಕೊಂಡಿರುವ ಕೀವೆನಾ ಅನ್ನುವ ಜಾಗವಿದೆ. ತಾಮ್ರದ ಹರಳು ಅಂದರೆ ಸಂಗ್ರಹ ಮಾಡುವವರಿಗೆ ಮೊದಲು ನೆನಪಾಗುವುದೇ ಅದು. ಸುಮಾರು 110 ಕೋಟಿ ವರ್ಷಗಳ ಹಿಂದೆ ಅಲ್ಲಿ ಲಾವಾ ಪದರದ ಮೇಲೆ ಪದರವಾಗಿ ಹರಿದು ಗಟ್ಟಿಯಾಯಿತು. ಅದರೊಳಗಿನ ಗಾಳಿಗುಳ್ಳೆಗಳು ತೂತುಗಳಾಗಿ ಉಳಿದವು. ಆಮೇಲೆ ಬಿಸಿನೀರು ತಾಮ್ರವನ್ನು ಕರಗಿಸಿಕೊಂಡು ಬಂದು ಆ ತೂತು, ಬಿರುಕುಗಳಲ್ಲಿ ಬಿಟ್ಟುಹೋಯಿತು. ಬೇರೆ ಕಡೆ ತಾಮ್ರ ಜಾಸ್ತಿ ಸಿಗುವುದು ಗಂಧಕದ ಜೊತೆ ಸೇರಿಕೊಂಡು. ನಮ್ಮ ಚಿತ್ರದುರ್ಗದ ಇಂಗಳದಾಳ್ ಅದಿರೂ ಹಾಗೇ. ಕೀವೆನಾದಲ್ಲಿ ಗಂಧಕ ತೀರಾ ಕಡಿಮೆ ಇದ್ದುದರಿಂದ ತಾಮ್ರ ತಾಮ್ರವಾಗೇ ಉಳಿಯಿತು. ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಅಗೆದು, ಬಡಿದು ಚಾಕು, ಈಟಿಯ ಮೊನೆ ಮಾಡಿಕೊಳ್ಳುತ್ತಿದ್ದರು.

ಅಲ್ಲಿ ಸಿಕ್ಕಿದ್ದರಲ್ಲಿ ಹೆಚ್ಚಿನದು ಆಕಾರವಿಲ್ಲದ ಗಟ್ಟಿ. ಹರಳಾಗಬೇಕಾದರೆ ಬೆಳೆಯಲು ಜಾಗ ಬೇಕಲ್ವಾ? ಅದು ಸಿಕ್ಕ ಕಡೆ ಪುಟ್ಟ ಘನಾಕೃತಿಗಳು, ಎಂಟು ಮುಖದ ಹರಳುಗಳು, ಮೀನಿನ ಮುಳ್ಳಿನ ಹಾಗೆ ಕವಲೊಡೆದ ಟೊಂಗೆಗಳು. ಕೆಲವು ಕಡೆ ತಾಮ್ರದ ಮೇಲೆ ಬೆಳ್ಳಿ ಅಂಟಿಕೊಂಡಿರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟ, ತಿಳಿಯಾದ ಕ್ಯಾಲ್ಸೈಟ್ (ಸುಣ್ಣದ ಅಂಶವಿರುವ ಖನಿಜ) ಹರಳಿನ ಹೊಟ್ಟೆಯೊಳಗೆ ತಾಮ್ರ ಸಿಕ್ಕಿಕೊಂಡಿರುವುದು. ಬೆಳಕಿಗೆ ಹಿಡಿದರೆ ಒಳಗೆ ಕೆಂಡ ಇಟ್ಟ ಹಾಗಿರುತ್ತದೆ. ಕೀವೆನಾದ ಹೌಟನ್ ಊರಿನ ಸೀಮನ್ ಮಿನರಲ್ ಮ್ಯೂಸಿಯಂನಲ್ಲಿ ಇಂಥವನ್ನು ಕಣ್ತುಂಬ ನೋಡಬಹುದು.

ಈಗ ಹೊಳಪಿನ ವಿಷಯ. ಹಬ್ಬ ಬಂದರೆ ಅಮ್ಮ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಅದೇ ಅಭ್ಯಾಸದಲ್ಲಿ ನಾನೂ ನನ್ನ ಮೊದಲ ಹರಳನ್ನು ಹುಣಸೆ ನೀರಿನಲ್ಲಿ ನೆನೆಸಿ, ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಉಜ್ಜಿದೆ. ಹೆಬ್ಬೆರಳಿನಷ್ಟು ಟೊಂಗೆ, ಕಂದು ಬಣ್ಣ, ಸಂದಿಯಲ್ಲಿ ಹಸಿರು ಕಿಲುಬು, ಬುಡದಲ್ಲಿ ಒಂದು ಚೂರು ಬಿಳಿ ಕ್ಯಾಲ್ಸೈಟ್ ಇತ್ತು. ತಾಮ್ರ ಗುಲಾಬಿ ಬಣ್ಣಕ್ಕೆ ತಿರುಗಿತು, ನಿಜ. ಆದರೆ ಹುಳಿಗೆ ಕ್ಯಾಲ್ಸೈಟ್ ಸವೆದು ಮಂಕಾಯಿತು. ಹರಳಿನ ನುಣುಪಾದ ಮುಖಗಳ ತುಂಬ ಗೀರು. ತಾಮ್ರ ಅಷ್ಟು ಮೆತ್ತಗಿನ ಲೋಹ. ಈಗಲೂ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಕಿಲುಬು ತೆಗೆಯಲು ಹೋಗಬೇಡಿ.

ಮಾರುವವರೂ ಆಸಿಡ್‌ನಲ್ಲಿ ತೊಳೆಯುತ್ತಾರೆ. ಮುಚ್ಚಿಕೊಂಡ ಕ್ಯಾಲ್ಸೈಟನ್ನು ಕರಗಿಸಿ ತಾಮ್ರ ಬಿಡಿಸುವುದು ಹಳೆಯ ಪದ್ಧತಿ, ಅದು ಮೋಸವಲ್ಲ. ಹೇಳಿ ಮಾರಬೇಕು ಅಷ್ಟೆ. ಮೋಸ ಅಂದರೆ ಕರೆಂಟ್ ಹರಿಸಿ ತೊಟ್ಟಿಯಲ್ಲಿ ಬೆಳೆಸಿದ ತಾಮ್ರವನ್ನು, ಇಲ್ಲವೇ ಕರಗಿಸಿ ನೀರಿಗೆ ಸುರಿದ ತಾಮ್ರವನ್ನು ಗಣಿಯದು ಅಂತ ಮಾರುವುದು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯಲ್ಲಿ ಸಂದಿಗಳನ್ನು ನೋಡಿ. ನೆಲದಿಂದ ಬಂದದ್ದರಲ್ಲಿ ಹೆಚ್ಚಾಗಿ ಎಲ್ಲೋ ಒಂದು ಕಡೆ ಕಲ್ಲಿನ ಚೂರು, ಕ್ಯಾಲ್ಸೈಟ್, ಕ್ವಾರ್ಟ್ಜ್ (ಬೆಣಚುಕಲ್ಲು) ಸಿಕ್ಕಿಕೊಂಡಿರುತ್ತದೆ. ಬಣ್ಣವೂ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಮೇಲಿಂದ ಕೆಳಗೆ ಒಂದೇ ಗುಲಾಬಿ, ಒಂದು ಕಣ ಕಲ್ಲೂ ಇಲ್ಲ ಅಂದರೆ ನಾನಂತೂ ಕೊಳ್ಳುವುದಿಲ್ಲ.

ಹರಳಿನಷ್ಟೇ ಮುಖ್ಯ ಅದರ ಚೀಟಿ. ಯಾವ ಗಣಿ, ಯಾವ ಊರು ಅಂತ ಬರೆದಿರಬೇಕು. ಸುಮ್ನೆ 'ಮಿಷಿಗನ್' ಅಂತಿದ್ದರೆ ಸಾಲದು. ಕೀವೆನಾದ ಹೆಸರಾಂತ ಕ್ವಿನ್ಸಿ ಗಣಿ 1945ರಲ್ಲೇ ನಿಂತಿತು, ಗಣಿಯೊಳಗಿಂದ ಹೊಸ ಮಾಲು ಬರುವುದಿಲ್ಲ. ಹಳೆಯದು ಕೈಯಿಂದ ಕೈಗೆ ಹೋಗುವಾಗ ಚೀಟಿ ಕಳೆದರೆ ಅದು ಎಲ್ಲಿಯದು ಅಂತ ಖಚಿತವಾಗಿ ಹೇಳುವುದು ತುಂಬಾ ಕಷ್ಟ.

ಮಾರುವವರ ಹತ್ತಿರ ಬುಡದ ಫೋಟೋ, ಹಿಂಬದಿಯ ಫೋಟೋ, ಚೀಟಿಯ ಫೋಟೋ ಕೇಳಿ. ಕಳಿಸಿದರೆ ಇಲ್ಲೇ ಕಾಮೆಂಟ್‌ನಲ್ಲಿ ಹಾಕಿ, ನೋಡಿ ಹೇಳುತ್ತೇನೆ.