ಮನೆಗೆ ಬಂದ ಅಪರಿಚಿತರಿಂದಲೇ ನಾನು ನಿಧಾನವಾಗಿ ಊರು ಸುತ್ತೋದು ಕಲಿತೆ

ಗುರುತು ಪರಿಚಯ ಇಲ್ಲದ ಪ್ರವಾಸಿಗರನ್ನು ದುಡ್ಡು ತಗೊಳ್ಳದೆ ಮನೆಯಲ್ಲಿ ಉಳಿಸಿಕೊಳ್ಳುವವರಿಗೆ ಅದರಿಂದ ಏನು ಸಿಗುತ್ತೆ, ಭಯ ಆಗಲ್ವಾ ಅಂತ ಕೇಳಿದ್ದೀರಿ. ಜೊತೆಗೆ, ಒಬ್ಬಳೇ ಹೆಂಗಸು ಅವಸರ ಇಲ್ಲದೆ ಊರೂರು ಸುತ್ತಬೇಕು ಅಂದರೆ ಎಲ್ಲಿಂದ ಶುರು ಮಾಡಬೇಕು ಅಂತಲೂ ಕೇಳಿದ್ದೀರಿ. ನನ್ನ ಮಟ್ಟಿಗೆ ಮೊದಲನೆಯದರಿಂದಲೇ ಎರಡನೆಯದು ಬಂತು, ಅದಕ್ಕೆ ಅದೇ ಕ್ರಮದಲ್ಲಿ ಹೇಳುತ್ತೇನೆ.

ನಾನಿರೋದು ಮೈಸೂರಿನಲ್ಲಿ, ಅಮ್ಮನ ಜೊತೆ. ಹಳೇ ಮನೆ, ಮುಂದೆ ಜಗಲಿ, ಬೀದಿ ಕಡೆಗೆ ಒಂದು ರೂಮು. ಅಣ್ಣ ಮದುವೆಯಾಗಿ ಬೇರೆ ಹೋದ ಮೇಲೆ ಆ ರೂಮು ಖಾಲಿ ಬಿದ್ದಿತ್ತು. 2016ರಲ್ಲಿ ಆಫೀಸಿನ ಗೆಳತಿಯೊಬ್ಬಳು ಕೌಚ್‌ಸರ್ಫಿಂಗ್ ಬಗ್ಗೆ ಹೇಳಿದಳು, ಪ್ರವಾಸಿಗರನ್ನೂ ಅವರನ್ನು ಮನೆಯಲ್ಲಿ ಉಳಿಸಿಕೊಳ್ಳುವವರನ್ನೂ ಸೇರಿಸುವ ವೆಬ್‌ಸೈಟ್ ಅದು. ಆಗ ಅದು ಪೂರ್ತಿ ಉಚಿತ ಇತ್ತು, 2020ರಲ್ಲಿ ಸದಸ್ಯರಿಂದ ದುಡ್ಡು ಕೇಳೋಕೆ ಶುರು ಮಾಡಿದರು. ಅಮ್ಮನನ್ನು ಒಪ್ಪಿಸೋಕೆ ಎರಡು ತಿಂಗಳು ಹಿಡಿಯಿತು. ಕೊನೆಗೆ ಅವರು ಹಾಕಿದ ಷರತ್ತು ಒಂದೇ: ಬಂದವರು ನಾವು ಮಾಡಿದ್ದನ್ನೇ ತಿನ್ನಬೇಕು, ಬೇರೆ ಅಡುಗೆ ಮಾಡಲ್ಲ. ಇದು ಎಷ್ಟು ಒಳ್ಳೆ ನಿಯಮ ಅಂತ ಆಮೇಲೆ ಗೊತ್ತಾಯಿತು. ಅತಿಥಿಗೋಸ್ಕರ ಅಂತ ಬೇರೆ ಏನೂ ಮಾಡದೇ ಇದ್ದಿದ್ದಕ್ಕೇ ಇಷ್ಟು ವರ್ಷ ನಮಗೆ ಆಯಾಸ ಆಗಿಲ್ಲ.

ಬಂದವರಲ್ಲಿ ಜಾಸ್ತಿ ಜನ ಒಂದು ರಾತ್ರಿ, ಎರಡು ರಾತ್ರಿ ಇದ್ದು ಹೋಗುತ್ತಿದ್ದರು. ಅರಮನೆ, ಚಾಮುಂಡಿ ಬೆಟ್ಟ, ದೇವರಾಜ ಮಾರುಕಟ್ಟೆ, ಆಮೇಲೆ ಊಟಿ ಬಸ್ಸು. ಒಳ್ಳೆಯವರೇ ಎಲ್ಲರೂ. ಒಬ್ಬ ಮಾತ್ರ ಮನೆಯನ್ನು ಲಾಡ್ಜ್ ಅಂದುಕೊಂಡು ಮಧ್ಯರಾತ್ರಿ ಒಂದು ಗಂಟೆಗೆ ಬಾಗಿಲು ಬಡಿದ. ಅಮ್ಮನ ನಿದ್ದೆ ಹೋಯಿತು. ಬೆಳಗ್ಗೆ ಕಾಫಿ ಕೊಟ್ಟು, ಇವತ್ತೇ ಬೇರೆ ಜಾಗ ನೋಡಿಕೊಳ್ಳಿ ಅಂತ ನೇರವಾಗಿ ಹೇಳಿದೆ. ಹೋದ. ಇಷ್ಟು ವರ್ಷದಲ್ಲಿ ಬೇಜಾರಾಗಿದ್ದು ಅದೊಂದೇ.

2023ರ ಜನವರಿಯಲ್ಲಿ ಒಬ್ಬರು ಬಂದರು, ಅವರ ಬಗ್ಗೆ ಹೇಳಲೇಬೇಕು. ಜರ್ಮನಿಯವರು, ಅರವತ್ತು ದಾಟಿದ ಹೆಂಗಸು, ಗೋವಾದಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ವಾರ್ಮ್‌ಶವರ್ಸ್ ಅಂತ ಸೈಕಲ್ ಪ್ರವಾಸಿಗರದೇ ಒಂದು ಬಳಗ ಇದೆ, ಅಲ್ಲಿಂದ ನನ್ನ ವಿಳಾಸ ಸಿಕ್ಕಿತ್ತು. ಎರಡು ದಿನ ಅಂತ ಬಂದವರು ಆರು ದಿನ ಇದ್ದರು. ಅರಮನೆಗೆ ಹೋಗಲೇ ಇಲ್ಲ! ಭಾನುವಾರ ರಾತ್ರಿ ದೀಪ ಹಾಕಿದಾಗ ಹೊರಗಿನಿಂದ ನೋಡಿ ಬಂದರು, ಅಷ್ಟೇ. ಮಿಕ್ಕ ಹೊತ್ತು ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನನ್ನ ಜೊತೆ ನಡೆಯೋದು, ಅಮ್ಮನ ಜೊತೆ ತರಕಾರಿ ತರೋದು, ಮಧ್ಯಾಹ್ನ ಜಗಲಿ ಮೇಲೆ ಕೂತು ಬೀದಿ ನೋಡೋದು.

ಮೂರನೇ ದಿನ ನಾನು ಆಫೀಸಿನಿಂದ ಬಂದಾಗ ಇಬ್ಬರೂ ಜಗಲಿ ಮೇಲೆ ಕೂತಿದ್ದರು. ಸೈಕಲ್ಲಿನ ಪಕ್ಕಕ್ಕೆ ನೇತು ಹಾಕುವ ದೊಡ್ಡ ಚೀಲ ಇರುತ್ತಲ್ಲ, ಅದರ ಒಂದು ಕಡೆ ಹರಿದುಹೋಗಿತ್ತು. ಅಮ್ಮ ಅಟ್ಟದ ಡಬ್ಬಿಯಿಂದ ದಬ್ಬಳ, ಗೋಣಿ ದಾರ ತೆಗೆದು ಹೊಲಿಯುತ್ತಿದ್ದರು. ಆಕೆ ಚೀಲವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದಿದ್ದರು. ಅಮ್ಮ ದಬ್ಬಳ ಚುಚ್ಚೋದು, ಆಕೆ ಆ ಕಡೆಯಿಂದ ಎಳೆದು ವಾಪಸ್ ಚುಚ್ಚೋದು. ಇವರಿಗೆ ಇಂಗ್ಲಿಷ್ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಆದರೆ ಮಾತಂತೂ ನಿಂತಿರಲಿಲ್ಲ, ಅಮ್ಮ ಕನ್ನಡದಲ್ಲಿ, ಆಕೆ ಜರ್ಮನ್‌ನಲ್ಲಿ. ನಾನು ಗೇಟಿನ ಹತ್ತಿರ ಸುಮ್ನೆ ನಿಂತು ನೋಡಿದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಏನು ಸಿಗುತ್ತೆ ಅಂತ ಕೇಳಿದಿರಲ್ಲ, ನನಗೆ ಸಿಕ್ಕಿದ್ದು ಅದು.

ಹೊರಡುವ ದಿನ ಅಮ್ಮ ಆಕೆಗೆ ಅರಿಶಿನ ಕುಂಕುಮ, ರವಿಕೆ ಬಟ್ಟೆ, ತೆಂಗಿನಕಾಯಿ ಕೊಟ್ಟರು. ಸೈಕಲ್ಲಿನಲ್ಲಿ ಒಂದೊಂದು ಗ್ರಾಮೂ ಲೆಕ್ಕ ಹಾಕಿ ಸಾಮಾನು ಇಟ್ಟುಕೊಳ್ಳುವ ಹೆಂಗಸು ಆ ತೆಂಗಿನಕಾಯಿಯನ್ನು ಹ್ಯಾಂಡಲ್ ಮುಂದಿನ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡರು. ಮೂರು ವಾರ ಆದ ಮೇಲೆ ಕನ್ಯಾಕುಮಾರಿಯಿಂದ ಫೋಟೋ ಬಂತು. ಸಮುದ್ರದ ಮುಂದಿನ ಕಲ್ಲಿನ ಮೇಲೆ ನಮ್ಮನೆ ತೆಂಗಿನಕಾಯಿ!

ಹೋಗುವ ಹಿಂದಿನ ದಿನ ಆಕೆಯನ್ನು ಕೇಳಿದ್ದೆ, ಇಷ್ಟು ದೂರ ಬಂದು ಇಷ್ಟು ಕಡಿಮೆ ನೋಡಿ ಹೋಗ್ತಿದ್ದೀರಲ್ಲ, ಬೇಜಾರಾಗಲ್ವಾ ಅಂತ. ಆಕೆ ನನ್ನನ್ನೇ ವಾಪಸ್ ಕೇಳಿದರು, ನಿಮ್ಮ ರಾಜ್ಯದಲ್ಲೇ ನೀವು ಒಂದು ವಾರ ಇದ್ದ ಬೇರೆ ಊರು ಯಾವುದು? ಯೋಚನೆ ಮಾಡಿದೆ. ಅಜ್ಜಿ ಊರು ಬಿಟ್ಟರೆ ಒಂದೂ ಇರಲಿಲ್ಲ.

ಅದೇ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ನಮ್ಮ ಹೆಂಗಸರಿಗೆ ರಾಜ್ಯದೊಳಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ರಾಜಹಂಸ, ಐರಾವತದಂಥ ಬಸ್ಸಿಗೆ ಮಾತ್ರ ದುಡ್ಡು ಕೊಡಬೇಕು. ನವೆಂಬರಿನಲ್ಲಿ ಹತ್ತು ದಿನ ರಜೆ ಹಾಕಿದೆ, ಆಧಾರ್ ಕಾರ್ಡು, ಎರಡು ಚೂಡಿದಾರ್, ಒಂದು ಟವೆಲ್ ತುಂಬಿಕೊಂಡು ಬಾದಾಮಿಗೆ ಹೊರಟೆ. ಮೈಸೂರಿನಿಂದ ಬಾದಾಮಿಗೆ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ರೈಲಿದೆ, ರಾತ್ರಿ ಮಲಗಿ ಹೋಗಬಹುದು. ನಾನು ಬೇಕಂತಲೇ ಕೆಂಪು ಬಸ್ಸಿನಲ್ಲಿ ಹೋದೆ. ಹಾಸನ, ಅರಸೀಕೆರೆ, ದಾವಣಗೆರೆ, ಗದಗ. ಮೂರು ದಿನ ಆಯಿತು. ಹಗಲು ಮಾತ್ರ ಪ್ರಯಾಣ, ಕತ್ತಲಾಗುವ ಮೊದಲು ರೂಮು. ದಾರಿಯುದ್ದಕ್ಕೂ ಮಣ್ಣು ಕೆಂಪಿನಿಂದ ಕಪ್ಪಿಗೆ ತಿರುಗಿದ್ದು, ಪಕ್ಕದ ಸೀಟಿನವರ ಮಾತು ‘ಬನ್ನಿ’ಯಿಂದ ‘ಬರ್ರಿ’ ಆಗಿದ್ದು, ಹೋಟೆಲಿನ ತಟ್ಟೆಯಲ್ಲಿ ಮುದ್ದೆ ಹೋಗಿ ರೊಟ್ಟಿ ಬಂದಿದ್ದು, ಇದೆಲ್ಲ ರಾತ್ರಿ ರೈಲಿನಲ್ಲಿ ಮಲಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಬಾದಾಮಿಯಲ್ಲಿ ಐದು ದಿನ ಇದ್ದೆ. ಜಾಸ್ತಿ ಜನ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನ ಕಾರಿನಲ್ಲಿ ಮುಗಿಸುತ್ತಾರೆ. ನಾನು ಮೊದಲ ದಿನ ಗುಹೆಗಳಿಗೆ ಹೋದೆ. ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಬರೆಸಿದ 578ರ ಶಾಸನ ಇದೆ. ಅಲ್ಲಿ ನಿಂತು ಕೆಳಗೆ ನೋಡಿದರೆ ಅಗಸ್ತ್ಯ ತೀರ್ಥ. ಮರುದಿನದಿಂದ ಬೆಳಗ್ಗೆ ಏಳಕ್ಕೆ ಆ ಕೆರೆ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದೆ. ಊರಿನ ಹೆಂಗಸರು ಬಟ್ಟೆ ಒಗೆಯೋಕೆ ಬರುತ್ತಾರೆ. ಇಲ್ಲಿ ಕಲ್ಲಿಗೆ ಬಟ್ಟೆ ಬಡಿದರೆ ಆ ಸದ್ದು ಎದುರಿನ ಬಂಡೆಗೆ ಹೊಡೆದು ಒಂದು ಕ್ಷಣ ತಡವಾಗಿ ವಾಪಸ್ ಬರುತ್ತೆ. ನಾಲ್ಕೈದು ಜನ ಒಟ್ಟಿಗೆ ಒಗೆಯುವಾಗ ಯಾವುದು ಬಡಿತ, ಯಾವುದು ಪ್ರತಿಧ್ವನಿ ಅಂತ ಗೊತ್ತಾಗಲ್ಲ.

ಮೂರನೇ ಬೆಳಗ್ಗೆ ಅವರಲ್ಲಿ ಒಬ್ಬರು ಕೇಳಿದರು, “ಯಾರ ಮನಿಗೆ ಬಂದೀರ್ರಿ ಅಕ್ಕಾರ?” ಊರು ನೋಡೋಕೆ ಬಂದವರು ಮೂರು ದಿನ ಒಂದೇ ಮೆಟ್ಟಿಲ ಮೇಲೆ ಕೂರಲ್ಲ, ಅದಕ್ಕೆ ಯಾರದೋ ನೆಂಟರು ಅಂದುಕೊಂಡಿದ್ದರು. ಒಂದು ದೊಡ್ಡ ಕೌದಿ, ಅಂದರೆ ಹಳೇ ಬಟ್ಟೆ ಸೇರಿಸಿ ಹೊಲಿದ ಹೊದಿಕೆ, ಹಿಂಡೋಕೆ ಇನ್ನೊಂದು ತುದಿ ಹಿಡಿದುಕೊಂಡೆ. ನೀರು ಕುಡಿದ ಕೌದಿ ಎಷ್ಟು ಭಾರ ಅಂತ ಹಿಡಿದವರಿಗೇ ಗೊತ್ತು. ಅದಾದ ಮೇಲೆ ಆಕೆಯೇ ಕಪ್ಪೆ ಅರಭಟ್ಟನ ಶಾಸನ ಇರುವ ಬಂಡೆಗೆ ದಾರಿ ತೋರಿಸಿದರು. ಸ್ಕೂಲಿನಲ್ಲಿ ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ ತ್ರಿಪದಿ, ಸುಮಾರು 1300 ವರ್ಷದ ಹಿಂದೆ ಕೊರೆದಿದ್ದು. ಅಲ್ಲಿಂದ ಇಳಿದು ಬಂದ ಮೇಲೆ ಅವರ ಮನೆಯಲ್ಲೇ ಊಟ ಮಾಡಿದೆ, ಬಿಸಿ ರೊಟ್ಟಿ, ಪುಂಡಿ ಪಲ್ಯ. ಹೊರಡುವಾಗ ಕೈಗೆ ಶೇಂಗಾ ಚಟ್ನಿ ಪುಡಿಯ ಪೊಟ್ಟಣ ಇಟ್ಟರು. ನಮ್ಮಮ್ಮ ಆ ತೆಂಗಿನಕಾಯಿ ಕೊಟ್ಟಿದ್ದು ನೆನಪಾಗಿ ಕಣ್ಣು ತುಂಬಿ ಬಂತು.

ಈಗ ಭಯದ ವಿಷಯ. ನಾವಿಬ್ಬರೂ ಹೆಂಗಸರು, ಹಾಗಾಗಿ ಮೊದಲ ಎರಡು ವರ್ಷ ಹೆಂಗಸರನ್ನು, ಗಂಡ ಹೆಂಡತಿ ಜೋಡಿಯನ್ನು ಮಾತ್ರ ಕರೆದೆವು. ಯಾರೇ ಆಗಲಿ, ಹಿಂದೆ ಅವರನ್ನು ಉಳಿಸಿಕೊಂಡವರು ಬರೆದಿದ್ದನ್ನು ಪೂರ್ತಿ ಓದುತ್ತೇನೆ, ಒಮ್ಮೆ ವಿಡಿಯೋ ಕಾಲ್ ಮಾಡುತ್ತೇನೆ, ಬಂದ ದಿನ ಮೊದಲು ಹೊರಗಡೆ ಹೋಟೆಲಿನಲ್ಲಿ ಕಾಫಿ ಕುಡಿದು ಆಮೇಲೆ ಮನೆಗೆ ಕರೆತರುತ್ತೇನೆ. ಮನಸ್ಸು ಒಪ್ಪದಿದ್ದರೆ ಆಗಲ್ಲ ಅನ್ನೋಕೆ ಕಾರಣ ಕೊಡಬೇಕಿಲ್ಲ. ಪಕ್ಕದ ಮನೆಯವರಿಗೆ ತಿಳಿಸಿರುತ್ತೇನೆ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಲೇಬೇಕು. ಇನ್ನೊಂದು ಮುಖ್ಯ ಮಾತು, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ: ವಿದೇಶಿಯರು ನಿಮ್ಮ ಮನೆಯಲ್ಲಿ ತಂಗಿದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ (ಎಫ್‌ಆರ್‌ಆರ್‌ಒ) ಆನ್‌ಲೈನಿನಲ್ಲಿ ತಿಳಿಸಬೇಕು. ನಮ್ಮದು ಹೋಟೆಲ್ ಅಲ್ವಲ್ಲ ಅಂತ ಬಿಡಬೇಡಿ. ಪಾಸ್‌ಪೋರ್ಟ್, ವೀಸಾ ವಿವರ ಬೇಕಾಗುತ್ತೆ.

ಆನ್‌ಲೈನ್ ಬೇಡ ಅನಿಸಿದರೆ ಹೀಗೇ ಪ್ರವಾಸಿಗರನ್ನು ಮನೆಯಲ್ಲಿ ಉಳಿಸಿಕೊಳ್ಳುವವರ ಸರ್ವಾಸ್ ಅಂತ ಒಂದು ಹಳೇ ಸಂಸ್ಥೆ ಇದೆ, 1949ರಲ್ಲಿ ಶುರುವಾಗಿದ್ದು. ಅಲ್ಲಿ ಮೊದಲು ನಿಮ್ಮ ಜೊತೆ ಕೂತು ಮಾತಾಡಿ ಆಮೇಲೇ ಸೇರಿಸಿಕೊಳ್ಳುತ್ತಾರೆ.

ನಿಮ್ಮ ಸುತ್ತಾಟಕ್ಕೆ ಮೊದಲನೇ ಸಲವೇ ದೂರ ಹೋಗಬೇಡಿ. ಭಾಷೆ ಗೊತ್ತಿರುವ ಒಂದೇ ಊರು ಆರಿಸಿ, ಕಡಿಮೆ ಅಂದರೂ ನಾಲ್ಕು ರಾತ್ರಿ ಇರಿ. ಎರಡನೇ ದಿನ ಮಧ್ಯಾಹ್ನ ‘ಯಾಕಪ್ಪಾ ಬಂದೆ’ ಅನಿಸುತ್ತೆ. ನನಗೂ ಅನಿಸಿತು, ಲಾಡ್ಜಿನ ರೂಮಿನಲ್ಲಿ ಒಬ್ಬಳೇ ಕೂತು ವಾಪಸ್ ರೈಲು ಎಷ್ಟೊತ್ತಿಗೆ ಅಂತ ನೋಡಿದ್ದೆ. ಆ ಮಧ್ಯಾಹ್ನ ಒಂದನ್ನು ದಾಟಿಸಿಬಿಡಿ. ದಿನಾ ಒಂದೇ ಅಂಗಡಿಯಲ್ಲಿ ಚಹಾ ಕುಡಿಯಿರಿ, ಮೂರನೇ ದಿನ ಅವರೇ ಮಾತಾಡಿಸುತ್ತಾರೆ.

ಬಾದಾಮಿಗೇ ಹೋಗೋದಾದರೆ ಒಂದು ಮಧ್ಯಾಹ್ನ ಬನಶಂಕರಿ ಗುಡಿಗೆ ಹೋಗಿ, ಐದು ಕಿಲೋಮೀಟರ್ ಅಷ್ಟೇ. ಗುಡಿ ಹೊರಗೆ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು ಇಟ್ಟುಕೊಂಡು ಕೂತಿರುತ್ತಾರೆ. ಅಲ್ಲೇ ನೆಲದ ಮೇಲೆ ಕೂತು ತಿನ್ನಿ. ಕೆಂಪು ಚಟ್ನಿ ಮಾತ್ರ ಸ್ವಲ್ಪವೇ ಹಾಕಿ ಅಂತ ಮೊದಲೇ ಹೇಳಿಬಿಡಿ, ನಮ್ಮ ಕಡೆ ನಾಲಿಗೆಗೆ ಅದು ತುಂಬಾ ಖಾರ.