ಎಡಿಟಿಂಗ್ ಟೇಬಲ್ಲಿನಿಂದ: ಸಿನಿಮಾ ಶಾಲೆಯಲ್ಲಿ ಏನು ಮಾಡಿಸ್ತಾರೆ?

ಪ್ರಶ್ನೆ: ಅಕ್ಕ, ನಾನು ಬಿ.ಕಾಂ. ಮುಗಿಸಿದ್ದೇನೆ. ಮನೆಯಲ್ಲಿ ಅಡಿಕೆ ತೋಟ. ಡೈರೆಕ್ಷನ್ ಕಲಿಯುವ ಆಸೆ. ಬೆಂಗಳೂರಿನ ಒಂದು ಕಡೆ ಮೂರು ತಿಂಗಳ ಕೋರ್ಸ್ ಇದೆ. ಫೀಸು ಕೇಳಿ ಅಪ್ಪ ಮಾತೇ ಆಡಲಿಲ್ಲ. ‘ಮೊಬೈಲ್ ಇದೆ, ಯೂಟ್ಯೂಬ್ ಇದೆ, ಶಾಲೆ ಯಾಕೆ?’ ಅಂತಾರೆ ಗೆಳತಿಯರು. ಶಾಲೆಯಲ್ಲಿ ನಿಜವಾಗಿ ಏನು ಮಾಡಿಸ್ತಾರೆ?
– ಓದುಗಿ, ಹೊಸನಗರ

ಉತ್ತರ: ಅಕ್ಕ ಅಂದಿದ್ದೀಯಲ್ಲ, ನಾನೂ ‘ನೀನು’ ಅಂತಲೇ ಬರೆಯುತ್ತೇನೆ.

ಒಳ್ಳೆಯ ಶಾಲೆಯಲ್ಲಿ ಮೊದಲು ಮಾಡಿಸುವುದು ತೀರಾ ಸಣ್ಣ ಕೆಲಸ. ಒಬ್ಬ ಬಾಗಿಲು ತೆಗೆದು ಒಳಗೆ ಬರಬೇಕು, ಕುರ್ಚಿಯಲ್ಲಿ ಕೂರಬೇಕು, ಎದುರಿನವನ ಜೊತೆ ನಾಲ್ಕು ಮಾತಾಡಬೇಕು. ಅಷ್ಟೇ. ಕಂಟಿನ್ಯುಟಿ ಎಕ್ಸರ್ಸೈಜ್ ಅಂತಾರೆ ಅದಕ್ಕೆ, ಅಂದರೆ ಒಂದು ಶಾಟಿಗೂ ಮುಂದಿನದಕ್ಕೂ ತಾಳೆಯಾಗುವ ಹಾಗೆ ನೋಡಿಕೊಳ್ಳುವ ಅಭ್ಯಾಸ. ಕಥೆಯೇ ಇಲ್ಲದ ಇದನ್ನು ಯಾಕೆ ಮಾಡಿಸ್ತಾರೆ ಅಂತ ಹೊಸಬರು ಗೊಣಗುತ್ತಾರೆ. ಎಡಿಟಿಂಗಿಗೆ ಕೂತಾಗ ಗೊಣಗಾಟ ನಿಲ್ಲುತ್ತದೆ.

ಫೀಸು ಕಟ್ಟುವ ಮೊದಲು ಇದನ್ನು ನೀನೇ ಮನೆಯಲ್ಲಿ ಮಾಡಿ ನೋಡು. ಅಡಿಕೆ ಕೊಯ್ಲು ಶುರುವಾದ ಮೇಲೆ ನಿಮ್ಮ ಅಂಗಳದಲ್ಲಿ ರಾತ್ರಿ ಅಡಿಕೆ ಸುಲಿಯಲು ಕೂರುತ್ತಾರಲ್ಲ, ಅಲ್ಲಿಂದ ಇಬ್ಬರನ್ನು ಎದುರುಬದುರು ಕೂರಿಸು. ಎರಡು ನಿಮಿಷದ ಸೀನ್, ಹತ್ತು ಶಾಟ್. ಮೊದಲು ತೊಂದರೆ ಕೊಡುವುದು ಅಡಿಕೆ ರಾಶಿ. ನೀನು ಶಾಟ್ ಬದಲಿಸುವಷ್ಟರಲ್ಲಿ ಅವರು ಬುಟ್ಟಿ ತುಂಬಿಸಿರುತ್ತಾರೆ. ಜೋಡಿಸಿ ನೋಡಿದರೆ ಬುಟ್ಟಿ ಒಮ್ಮೆ ತುಂಬಿದೆ, ಮರುಕ್ಷಣ ಅರ್ಧ ಖಾಲಿ! ಹಾಗಾಗಿ ಪ್ರತಿ ಶಾಟ್ ಮುಗಿದಾಗ ಒಂದು ಫೋಟೊ ತೆಗೆದಿಡು. ಯಾವ ಮಾತಿಗೆ ಯಾವ ಕೈಯಲ್ಲಿ ಅಡಿಕೆ ಇತ್ತು ಅಂತ ಬರೆದಿಡು. ಇನ್ನೊಂದು: ಒಬ್ಬರಿಂದ ಇನ್ನೊಬ್ಬರಿಗೆ ನೇರ ಒಂದು ಗೆರೆ ಎಳೆದಿದೆ ಅಂದುಕೊಂಡು ಕ್ಯಾಮೆರಾವನ್ನು ಅದರ ಒಂದೇ ಬದಿಯಲ್ಲಿ ಇಡು. ಗೆರೆ ದಾಟಿದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಾ ಮಾತಾಡಿದ ಹಾಗೆ ಕಾಣುತ್ತದೆ.

ಮೊಬೈಲಿನಲ್ಲಿ ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ಫೋಕಸ್ ಎರಡನ್ನೂ ಲಾಕ್ ಮಾಡು. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಶಟರ್ 1/50 ಸೆಕೆಂಡಿಗೆ ಇಟ್ಟರೆ ಟ್ಯೂಬ್‌ಲೈಟು ಮಿನುಗುವ ಕಾಟ ತಪ್ಪುತ್ತದೆ. ಬೆಳಕು ಸಾಲದಿದ್ದರೆ ಬೆಳಕು ಮುಖಕ್ಕೆ ತಿರುಗುವ ಹಾಗೆ ಒಂದು ಥರ್ಮಾಕೋಲ್ ಹಾಳೆ ಹಿಡಿಸು. ದೊಡ್ಡ ಸೆಟ್ಟಿನಲ್ಲೂ ಹಿಡಿಯುವುದು ಅದನ್ನೇ.

ಸೌಂಡ್ ಮಾತ್ರ ನಮ್ಮ ಮಲೆನಾಡಿನಲ್ಲಿ ದೊಡ್ಡ ಪಾಠ. ಒಂದು ಶಾಟಿನಲ್ಲಿ ಜೀರುಂಡೆ ಕಿರುಚುತ್ತಿರುತ್ತದೆ, ಮುಂದಿನದರಲ್ಲಿ ಇಲ್ಲ. ಶಾಟ್ ಬದಲಾಗುವ ಪ್ರತಿ ಕಟ್‌ಗೂ ಕಿವಿಗೆ ಹೊಡೆದ ಹಾಗಾಗುತ್ತದೆ. ಅದಕ್ಕೇ ಸೀನ್ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ಕೂರಿಸಿ ಒಂದು ನಿಮಿಷ ಬರೀ ಅಂಗಳದ ಸದ್ದು ರೆಕಾರ್ಡ್ ಮಾಡು. ಆಮೇಲೆ ಅದನ್ನು ಎಲ್ಲ ಕಟ್‌ಗಳ ಕೆಳಗೆ ಹಾಸಬಹುದು. ಮೈಕ್ ಹಿಡಿಯಲು ಹಳೆಯ ದೋಟಿಯ (ಅಡಿಕೆ ಕೊಯ್ಯುವ ಉದ್ದ ಕೋಲಿನ) ಒಂದು ತುಂಡು ಸಾಕು.

ಎಷ್ಟು ಶೂಟ್ ಮಾಡಬೇಕು ಅಂತ ಕೇಳುತ್ತೀಯ. ರೀಲ್ ಕಾಲದಲ್ಲಿ 16 ಎಂಎಂ ಫಿಲ್ಮಿನ 400 ಅಡಿಯ ಒಂದು ಡಬ್ಬ 11 ನಿಮಿಷಕ್ಕೆ ಮುಗಿಯುತ್ತಿತ್ತು. ನಿನಗೂ ಅಷ್ಟೇ, 11 ನಿಮಿಷ. ಮೆಮೊರಿ ಇದೆ ಅಂತ ಗಂಟೆಗಟ್ಟಲೆ ಶೂಟ್ ಮಾಡಿ ತರುವವರ ಫೂಟೇಜ್ ನೋಡಿ ನೋಡಿ ನನಗೆ ಸಾಕಾಗಿದೆ. ಮುಂದಿನ ಶಾಟ್ ಯಾವುದು ಅಂತ ತಲೆಯಲ್ಲಿ ಇಲ್ಲದವರು ಹಾಗೆ ಮಾಡುತ್ತಾರೆ.

ಎಡಿಟಿಂಗೂ ನೀನೇ ಮಾಡು, ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಎರಡನೇ ಸಲ ಗೆಳತಿ ಡೈರೆಕ್ಟರ್ ಆಗಲಿ, ನೀನು ಮೈಕ್ ಹಿಡಿ. ಶಾಲೆ ಕೊಡುವುದು ಇದನ್ನೇ, ಯೂಟ್ಯೂಬ್ ಕೊಡಲಾರದ್ದೂ ಇದೇ. ಶಾಲೆಯಲ್ಲಿ ನಿನ್ನ ಫಿಲ್ಮಿಗಿಂತ ಬೇರೆಯವರ ಫಿಲ್ಮಿಗೆ ಜಾಸ್ತಿ ದುಡಿಯುತ್ತೀಯ. ಆಮೇಲೆ ಎಲ್ಲರೂ ಒಟ್ಟಿಗೆ ಕೂತು ನೋಡುತ್ತಾರೆ. ‘ಈ ಶಾಟ್ ಯಾಕೆ?’ ಅಂದಾಗ ಉತ್ತರ ಕೊಡಬೇಕು.

ಆ ಮೂರು ತಿಂಗಳ ಕೋರ್ಸಿನವರಿಗೆ ಫೋನ್ ಮಾಡಿ ಕೇಳು: ಒಂದು ಕ್ಯಾಮೆರಾಕ್ಕೆ ಎಷ್ಟು ಜನ? ನನ್ನ ಫಿಲ್ಮ್ ನಾನೇ ಎಡಿಟ್ ಮಾಡಬಹುದಾ? ಹಿಂದಿನ ಬ್ಯಾಚಿನವರು ಮಾಡಿದ್ದನ್ನೆಲ್ಲ ತೋರಿಸ್ತೀರಾ, ಚೆನ್ನಾಗಿ ಬಂದಿದ್ದು ಮಾತ್ರ ಅಲ್ಲ? ತಡವರಿಸಿದರೆ ದುಡ್ಡು ಉಳಿಯಿತು ಅಂದುಕೊ.

ಪುಣೆಯ ಸಿನಿಮಾ ಶಾಲೆ ಎಫ್‌ಟಿಐಐಯಲ್ಲಿ ನಿರ್ದೇಶನಕ್ಕೆ ಯಾವ ಡಿಗ್ರಿ ಆದರೂ ನಡೆಯುತ್ತದೆ, ಪ್ರವೇಶ ಪರೀಕ್ಷೆ ಬರೆಯಬೇಕು. ಕೋಲ್ಕತ್ತದ ಸತ್ಯಜಿತ್ ರೇ ಸಿನಿಮಾ ಸಂಸ್ಥೆಯೂ ಹಾಗೇ. ನಿಮ್ಮ ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ನಿರ್ದೇಶಕ ಗಿರೀಶ್ ಕಾಸರವಳ್ಳಿ ಫಾರ್ಮಸಿ ಓದಿ ಪುಣೆಗೆ ಹೋದವರು, ಇದನ್ನು ಅಪ್ಪನಿಗೆ ಹೇಳು. ಕ್ಯಾಮೆರಾ, ಸೌಂಡ್ ಕಡೆ ಮನಸ್ಸು ಹೊರಳಿದರೆ ಹೆಸರಘಟ್ಟದ ಸರ್ಕಾರಿ ಸಿನಿಮಾ ಸಂಸ್ಥೆಯಲ್ಲಿ ಡಿಪ್ಲೊಮಾ ಇದೆ. ಅದು ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿದ್ದಾಗ ಹಿಂದಿ ಸಿನಿಮಾದ ಹೆಸರಾಂತ ಕ್ಯಾಮೆರಾಮನ್‌ಗಳಾದ ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ ಅಲ್ಲೇ ಕಲಿತರು. ನಟರ ಜೊತೆ ಮಾತಾಡುವುದು ಹೇಗೆ ಅಂತ ತಿಳಿಯಬೇಕಾದರೆ ಹೆಗ್ಗೋಡು ಎಷ್ಟು ದೂರ? ಅಲ್ಲಿನ ರಂಗಸಂಸ್ಥೆ ನೀನಾಸಂನ ನಾಟಕಗಳನ್ನು ತಪ್ಪದೆ ನೋಡು.

ಪ್ರಶ್ನೆ: ಮಳೆಗಾಲ ಬಂತೆಂದರೆ ಕ್ಯಾಮೆರಾ ಲೆನ್ಸಿಗೆ ಬೂಷ್ಟು. ಅಕ್ಕಿ ಡಬ್ಬದಲ್ಲಿ ಇಡಬಹುದಾ?
– ಓದುಗರು, ಆಗುಂಬೆ

ಉತ್ತರ: ಅಕ್ಕಿ ಬೇಡ, ಧೂಳು ಒಳಗೆ ಸೇರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಹೀರಿದೆ ಅಂತ ಅರ್ಥ, ತೆಗೆದು ಒಣಗಿಸಿ ಮತ್ತೆ ಹಾಕಿ. ಚರ್ಮದ ಬ್ಯಾಗಿನಲ್ಲಿ ಇಡಲೇಬೇಡಿ. ಗಾಜಿನ ಒಳಗೆ ಬಲೆಯ ಹಾಗೆ ಹಬ್ಬಿದ್ದರೆ ನೀವೇ ಬಿಚ್ಚಲು ಹೋಗಬೇಡಿ, ರಿಪೇರಿಯವರಿಗೆ ಕೊಡಿ.